ಕೆಲಸ ಬಿಟ್ಟು ಮಂಡ್ಯದಲ್ಲಿ ಎಂಎಲ್‌ಎ ಚುನಾವಣೆಗೆ ನಿಲ್ಲಬೇಕೆಂದಿದ್ದೇನೆ. ಪಕ್ಷೇತರನಾಗಿ ನಿಲ್ಲಲೋ, ಪಕ್ಷ ಸೇರಲೋ?

29 ವರ್ಷ, ಬೆಂಗಳೂರಲ್ಲಿ ಕೆಲಸ, ಮಂಡ್ಯ ಕಡೆ ಊರು, ತಲೆ ತುಂಬ ವಿಧಾನಸೌಧ. ನಿನ್ನ ಪ್ರಶ್ನೆ ಓದಿ ನನ್ನ ಹಳೇ ಫೋಟೋ ಯಾರೋ ತೆಗೆದು ತೋರಿಸಿದ ಹಾಗಾಯ್ತು. ನನಗಿಂತ ಚಿಕ್ಕವನು, ಏಕವಚನದಲ್ಲೇ ಬರೀತೀನಿ ತಮ್ಮ, ಬೇಜಾರು ಮಾಡ್ಕೋಬೇಡ.

ನಾನು 2010ರಲ್ಲಿ ಗ್ರಾಮ ಪಂಚಾಯ್ತಿಗೆ 41 ಓಟಲ್ಲಿ ಗೆದ್ದವನು. 2015ರಲ್ಲಿ ಅವಿರೋಧ. ಅಷ್ಟಕ್ಕೇ ತಲೆ ನೆಟ್ಟಗಿರಲಿಲ್ಲ. ನಮ್ಮ ಭಾಗದ ನಾಯಕರೊಬ್ಬರ ಕಾರಿನ ಹಿಂದೆ ಎಂಟು ವರ್ಷ ಬೈಕ್ ಓಡಿಸಿದ್ದೆ. ಯಾರ ಮನೆ ತಿಥಿ ಯಾವತ್ತು, ಯಾರ ಮನೆ ಬೀಗರೂಟ ಎಲ್ಲಿ, ಯಾವ ಊರಲ್ಲಿ ಕರೆಂಟಿನ ಟಿಸಿ ಸುಟ್ಟಿದೆ ಅಂತ ಅವರಿಗೆ ಹೇಳ್ತಿದ್ದೋನೇ ನಾನು. 2018ರ ಚುನಾವಣೆಗೆ ಮುಂಚೆ ಒಂದು ಸಭೆಯಲ್ಲಿ ನನಗೆ ವೇದಿಕೆ ಮೇಲೆ ಕುರ್ಚಿ ಹಾಕಲಿಲ್ಲ. ಪಕ್ಷೇತರನಾಗಿ ನಿಂತೆ. ಆ ಕುರ್ಚಿ ಬಿಟ್ಟರೆ ನನಗೆ ಬೇರೆ ಯಾವ ಸಿದ್ಧಾಂತವೂ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಪಕ್ಷೇತರನಿಗೆ ನಾಮಪತ್ರಕ್ಕೆ ಸಹಿ ಹಾಕೋ ಹತ್ತು ಜನ ಸೂಚಕರು ಬೇಕು, 10,000 ರೂಪಾಯಿ ಠೇವಣಿ. ಎರಡೂ ಸುಲಭ. ನಾಲೆ ಪಕ್ಕದ 12 ಗುಂಟೆ ಗದ್ದೆ ಮಾರಿದ್ದು ಕಷ್ಟ. ಆ ವರ್ಷ ಜಿಲ್ಲೆಯ ಏಳಕ್ಕೆ ಏಳೂ ಸೀಟು ಜೆಡಿಎಸ್ ಬಾಚಿಕೊಂಡಿತು, ನನ್ನದೇನು ಲೆಕ್ಕ? 1,106 ಓಟು. ಬಿದ್ದ ಓಟಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬಂದರೆ ಮಾತ್ರ ಠೇವಣಿ ವಾಪಸ್. ನನ್ನದು ಹೋಯ್ತು.

ಸೋತಿದ್ದು ತಪ್ಪಲ್ಲ. ತಪ್ಪು ಮಾಡಿದ್ದು ಅದಾದ ಮೇಲೆ. ಇದನ್ನು ಯಾರೂ ಹೇಳಲ್ಲ, ಅದಕ್ಕೇ ಬಿಡಿಸಿ ಹೇಳ್ತೀನಿ.

ನಾಮಪತ್ರ ಹಾಕಿದ ದಿನ ಒಂದು ದಪ್ಪ ಪುಸ್ತಕ ಕೊಡ್ತಾರೆ. ಬಿಳಿ ಹಾಳೆ ದಿನದ ಖರ್ಚಿಗೆ, ಗುಲಾಬಿ ಹಾಳೆ ನಗದಿಗೆ, ಹಳದಿ ಹಾಳೆ ಬ್ಯಾಂಕಿಗೆ. ಚುನಾವಣೆಗೇ ಅಂತ ಬೇರೆ ಬ್ಯಾಂಕ್ ಖಾತೆ ತೆಗೀಬೇಕು. ಪ್ರಚಾರದ ಸಮಯದಲ್ಲಿ ಮೂರು ಸಲ ಪುಸ್ತಕ ತೋರಿಸಿದೆ, ಆಟೋ ಮೈಕ್ ಬಾಡಿಗೆಯಿಂದ ಟೀ-ಬನ್ನಿನವರೆಗೂ ಬರೆದಿದ್ದೆ. ಫಲಿತಾಂಶ ಬಂದಿದ್ದು ಮೇ 15. ಅಲ್ಲಿಂದ 30 ದಿನದೊಳಗೆ ಪೂರ್ತಿ ಲೆಕ್ಕ, ಬಿಲ್ಲು, ಪ್ರಮಾಣಪತ್ರ ಸಮೇತ ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ಗೆದ್ದವನೂ ಕೊಡಬೇಕು, ಮೂರು ಓಟು ತಗೊಂಡವನೂ ಕೊಡಬೇಕು. ನಾನು ಕೊಡಲಿಲ್ಲ. ಕೊಡೋಕೆ ಆಗದೇ ಅಲ್ಲ. ಡಿಸಿ ಆಫೀಸಿಗೆ ಹೋದರೆ ಯಾರಾದರೂ "ಎಷ್ಟು ಬಂತಣ್ಣ?" ಅಂತ ಕೇಳ್ತಾರಲ್ಲ ಅನ್ನೋ ನಾಚಿಕೆ. ಜೊತೆಗಿದ್ದವನೊಬ್ಬ "ಸೋತೋರ್ಗೆ ಎಂತ ಲೆಕ್ಕ, ಸುಮ್ಕಿರು" ಅಂದ. ಸುಮ್ಕಿದ್ದೆ.

ನೋಟಿಸ್ ಬಂತು. ಹೆಂಡತಿ ತಗೊಂಡು ಫ್ರಿಜ್ ಮೇಲೆ ಮದುವೆ ಪತ್ರಿಕೆಗಳ ಜೊತೆ ಇಟ್ಟಳು, ನಾನು ಒಡೆದೂ ನೋಡಲಿಲ್ಲ. ಆಮೇಲೆ ಚುನಾವಣಾ ಆಯೋಗದಿಂದ ಇನ್ನೊಂದು, 20 ದಿನದೊಳಗೆ ಕಾರಣ ಕೊಡಿ ಅಂತ. ಆಗಲೂ ಒಂದು ಹಾಳೆ ಬರೆದು, ಆ ಪುಸ್ತಕ ಜೊತೆಗಿಟ್ಟು ಕಳಿಸಿದ್ದರೆ ಬಚಾವಾಗಬಹುದಿತ್ತು. ಪುಸ್ತಕ ಅಟ್ಟದ ಮೇಲೇ ಇತ್ತು, ಮುಕ್ಕಾಲು ತುಂಬಿಸಿದ್ದೆ ಕಣಪ್ಪ! ಕೊನೆಗೆ ಜನಪ್ರತಿನಿಧಿ ಕಾಯ್ದೆಯ 10ಎ ಕಲಂ ಪ್ರಕಾರ ಮೂರು ವರ್ಷ ಅನರ್ಹ ಅಂತ ಆದೇಶ ಬಂತು. ಎಂಎಲ್‌ಎಗೆ ತಾನೇ, ಹೋಗ್ಲಿ ಬಿಡು ಅಂದುಕೊಂಡೆ.

2020ರ ಡಿಸೆಂಬರ್. ಪಂಚಾಯ್ತಿ ಚುನಾವಣೆ. ಊರವರೇ ಸೇರಿ ನಮ್ಮ ಬೀದಿಯಿಂದ ನಾನೇ ಅಂತ ತೀರ್ಮಾನ ಮಾಡಿದ್ದರು. ನಾಮಪತ್ರ ಪರಿಶೀಲನೆ ದಿನ ಎದುರು ಗುಂಪಿನ ಹುಡುಗ ಒಂದು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟ. ಆಯೋಗದ ಆದೇಶ, ನನ್ನ ಹೆಸರು, ನಮ್ಮಪ್ಪನ ಹೆಸರು. ವಿಧಾನಸಭೆಗೆ ಅನರ್ಹನಾದವನು ಪಂಚಾಯ್ತಿಗೂ ಅನರ್ಹ. ಸಂವಿಧಾನದ 243ಎಫ್ ವಿಧಿಯಲ್ಲೇ ಇದೆಯಂತೆ, ನಾನು ಓದಿದ್ದು ಅವತ್ತು. ತಿರಸ್ಕೃತ. ಹೊರಗೆ ಹಾರ ಹಿಡಿದು ನಿಂತಿದ್ದ ಮಾವನಿಗೆ ಏನಂತ ಹೇಳೋದು? ಹತ್ತು ವರ್ಷ ಕೂತಿದ್ದ ಸೀಟು, ಒಂದು ಪುಸ್ತಕ ಕೊಡದೇ ಹೋಯ್ತು.

ಈಗ ನಿನ್ನ ಪ್ರಶ್ನೆ. ಪಕ್ಷೇತರವೋ ಪಕ್ಷವೋ ಅಂತ ಕೇಳಿದ್ದೇ ತಪ್ಪು. ಸುಮಲತಾ ಗೆಲ್ಲಲಿಲ್ವಾ ಅಂತೀಯ. 2019ರ ಆ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿ ಇಲ್ಲಿ ಅಭ್ಯರ್ಥಿ ಹಾಕದೆ ಅವರಿಗೇ ಬೆಂಬಲ ಕೊಟ್ಟಿತ್ತು, ಅಂಬರೀಶ್ ತೀರಿಕೊಂಡು ಆರು ತಿಂಗಳೂ ಆಗಿರಲಿಲ್ಲ. ಅಂಥ ಪಕ್ಷೇತರ ನೀನಲ್ಲ, ನಾನೂ ಅಲ್ಲ. ದರ್ಶನ್ ಪುಟ್ಟಣ್ಣಯ್ಯ ಅಮೆರಿಕದಿಂದ ಬಂದು ಮೇಲುಕೋಟೆಯಲ್ಲಿ ಗೆದ್ದರು ಅಂತೀಯ. ಬಂದ ತಕ್ಷಣ ಗೆದ್ದರಾ? 2018ರಲ್ಲಿ, ಅಪ್ಪ ಹೋದ ಮೂರೇ ತಿಂಗಳಿಗೆ, ಕಾಂಗ್ರೆಸ್ ಅಭ್ಯರ್ಥಿ ಹಾಕದಿದ್ದರೂ ಸೋತರು. ಗೆದ್ದಿದ್ದು 2023ರಲ್ಲಿ. ಅವರಪ್ಪ ಕೆ.ಎಸ್. ಪುಟ್ಟಣ್ಣಯ್ಯನವರು ರೈತಸಂಘದಿಂದ 1994ರಲ್ಲಿ ಗೆದ್ದು, ಮತ್ತೆ ವಿಧಾನಸಭೆಗೆ ಹೋಗಿದ್ದು 2013ರಲ್ಲಿ. ನಡುವೆ ಅಧಿಕಾರ ಇಲ್ಲದ ವರ್ಷಗಳಲ್ಲಿ ಅವರೇನು ಮನೇಲಿ ಕೂತಿದ್ರಾ? ಕಬ್ಬಿನ ಬಾಕಿ, ನಾಲೆ ನೀರು ಅಂತ ರಸ್ತೆ ಮೇಲೇ ಇದ್ದರು. ಮೈಸೂರಿನ ಸಿದ್ದರಾಮಯ್ಯನವರೂ ತಾಲ್ಲೂಕು ಬೋರ್ಡಿಂದ ಶುರು ಮಾಡಿದವರು, 1980ರ ಲೋಕಸಭೆಗೆ ನಿಂತು ಸೋತು, 1983ರಲ್ಲಿ ಚಾಮುಂಡೇಶ್ವರಿಯಲ್ಲಿ ಗೆದ್ದರು. 2006ರಲ್ಲಿ ಅದೇ ಕ್ಷೇತ್ರ 257 ಓಟಲ್ಲಿ ಉಳೀತು. ಆ 257 ಜನ ಭಾಷಣ ಕೇಳಿ ಬಂದೋರು ಅಂತ ನನಗನ್ನಿಸಲ್ಲ.

ಆದ್ದರಿಂದ ಕೆಲಸ ಬಿಡಬೇಡ. ಶನಿವಾರ ರಾತ್ರಿ ಬಸ್ಸಿಗೆ ಊರಿಗೆ ಬಾ, ಪಂಚಾಯ್ತಿಗೆ ನಿಲ್ಲು. ಅಲ್ಲಿ ಪಕ್ಷದ ಚಿಹ್ನೆಯೇ ಇಲ್ಲ, ನಿನ್ನ ಪ್ರಶ್ನೆ ಅರ್ಧ ಅಲ್ಲೇ ತೀರ್ತು. ತಾಲ್ಲೂಕು, ಜಿಲ್ಲಾ ಪಂಚಾಯ್ತಿ ನಂಬ್ಕೋಬೇಡ, 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ಮಾಡಲಿಲ್ಲ. ಇಷ್ಟೆಲ್ಲ ಹೇಳಿದ ಮೇಲೂ ಎಂಎಲ್‌ಎಗೇ ನಿಲ್ತೀನಿ ಅಂದರೆ ನಿಲ್ಲು, ಚುನಾವಣಾ ಖರ್ಚಿನ 40 ಲಕ್ಷದ ಮಿತಿ ದಾಟೋಷ್ಟು ದುಡ್ಡು ನಮ್ಮಂಥೋರ ಹತ್ತಿರ ಹೇಗೂ ಇರಲ್ಲ. ಆದರೆ ಲೆಕ್ಕದ ಪುಸ್ತಕ ಕೊಟ್ಟು, ಸ್ವೀಕೃತಿಗೆ ಸೀಲು ಹಾಕಿಸಿಕೊಂಡು ಬಾ.

ನಮ್ಮ ಫ್ರಿಜ್ ಮೇಲೆ ಈಗ ಮದುವೆ ಪತ್ರಿಕೆ ಮಾತ್ರ ಇಡೋದು. ಕಂದು ಬಣ್ಣದ ಲಕೋಟೆ ಬಂದರೆ, ಸೊಸೈಟಿ ನೋಟಿಸೇ ಆಗಿರಲಿ, ಹೆಂಡತಿ ನನ್ನನ್ನ ಎದುರಿಗೆ ನಿಲ್ಲಿಸಿಕೊಂಡು ಓದಿಸ್ತಾಳೆ.