ತುರ್ತಿಗೆ ಬೆಲೆ ತೆರುವವರು ಯಾರು?

ಓದುಗರ ಪತ್ರ: ಕಳೆದ ತಿಂಗಳು ರಾತ್ರಿ ಹನ್ನೊಂದಕ್ಕೆ ನಮ್ಮ ಸರ್ವರ್ ಕೈಕೊಟ್ಟಿತು. ಅದರ ಒಳಹೊರಗನ್ನು ಬಲ್ಲ ಹುಡುಗ ‘ಡು ನಾಟ್ ಡಿಸ್ಟರ್ಬ್’ ಹಾಕಿಕೊಂಡು ಮಲಗಿದ್ದ. ಕಚೇರಿಯ ಚಾಟ್‌ನಲ್ಲಿ ತುರ್ತು ಸಂದೇಶಗಳು ಈ ತಡೆಯನ್ನು ದಾಟಿ ಹೋಗಬೇಡವೇ? ಇಂದಿನ ಯುವಕರಲ್ಲಿ ಹೊಣೆಗಾರಿಕೆ ಕುಗ್ಗಿದೆ ಎಂದು ನಿಮಗೆ ಅನ್ನಿಸುವುದಿಲ್ಲವೇ?
— ತಂಡದ ಮುಖ್ಯಸ್ಥರೊಬ್ಬರು, ಬೆಂಗಳೂರು

ಸಂಪಾದಕರ ಉತ್ತರ: ಬ್ಯಾಂಕಿನ ಪಾವತಿ ನಿಂತರೆ, ಆಸ್ಪತ್ರೆಯ ಕಂಪ್ಯೂಟರ್ ವ್ಯವಸ್ಥೆ ಕುಸಿದರೆ ಯಾರನ್ನಾದರೂ ಎಬ್ಬಿಸಲೇಬೇಕು. ಅಷ್ಟನ್ನು ಒಪ್ಪಿದೆ. ಆದರೆ ನೀವು ಕೇಳುತ್ತಿರುವ ಸೌಲಭ್ಯ ಈಗಾಗಲೇ ಇದೆ. ತಡೆ ಹಾಕಿಕೊಂಡವರಿಗೆ ನೇರ ಸಂದೇಶ ಕಳಿಸಿದರೆ, ‘ಆದರೂ ಎಚ್ಚರಿಸಲೇ?’ ಎಂದು ಸ್ಲ್ಯಾಕ್ ಎಂಬ ಕಚೇರಿ ಚಾಟ್ ಆ್ಯಪ್ ಕೇಳುತ್ತದೆ. ಹಾಗೆ ಎಚ್ಚರಿಸಲು ದಿನಕ್ಕೊಮ್ಮೆ ಮಾತ್ರ ಅವಕಾಶ. ಅಂಥದ್ದೇ ಇನ್ನೊಂದು ಆ್ಯಪ್ ಆದ ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ‘ಅರ್ಜೆಂಟ್’ ಎಂದು ಗುರುತು ಹಾಕಿದ ಸಂದೇಶವಂತೂ ಓದುವ ತನಕ 2 ನಿಮಿಷಕ್ಕೊಮ್ಮೆ, 20 ನಿಮಿಷಗಳವರೆಗೆ ಬಾಗಿಲು ಬಡಿಯುತ್ತಲೇ ಇರುತ್ತದೆ. ಇನ್ನೆಷ್ಟು ಬೇಕು ಸ್ವಾಮಿ?

ದೂರದೂರಿಗೆ ಫೋನ್ ಮಾಡಲು ಮೊದಲೇ ಬುಕ್ ಮಾಡಬೇಕಿದ್ದ ಟ್ರಂಕ್ ಕರೆಗಳ ಕಾಲ ಕಂಡವರನ್ನು ಕೇಳಿ ನೋಡಿ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ಬಗೆಯಿದ್ದವು. ಅರ್ಜೆಂಟ್ ಎಂದರೆ ಹೆಚ್ಚು ಹಣ, ಲೈಟ್ನಿಂಗ್ ಎಂದರೆ ಅದಕ್ಕಿಂತಲೂ ಬಹಳ ಹೆಚ್ಚು. ಕರೆ ಬುಕ್ ಮಾಡುವಾಗಲೇ ಮನುಷ್ಯ ಒಮ್ಮೆ ಜೇಬು ಮುಟ್ಟಿಕೊಂಡು ‘ಇದು ನಿಜಕ್ಕೂ ತುರ್ತೇ?’ ಎಂದು ಯೋಚಿಸುತ್ತಿದ್ದ. ರೈಲಿನ ಸರಪಳಿ ಎಲ್ಲ ಪ್ರಯಾಣಿಕರ ಕೈಗೂ ಎಟುಕುತ್ತದೆ. ಆದರೆ ಸಕಾರಣವಿಲ್ಲದೆ ಎಳೆದರೆ ರೈಲ್ವೆ ಕಾಯ್ದೆಯಲ್ಲಿ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಒಂದು ವರ್ಷದವರೆಗೆ ಸೆರೆಮನೆ, ಅಥವಾ ಎರಡೂ. ಚಾಟ್‌ನ ಕೆಂಪು ಗುರುತಿಗೆ ಒತ್ತುವವನ ಕಡೆಯಿಂದ ಒಂದು ಕಾಸೂ ಖರ್ಚಿಲ್ಲ. ಪೂರ್ತಿ ಬೆಲೆಯನ್ನು ನಿದ್ದೆಗೆಟ್ಟವನೇ ತೆರುತ್ತಾನೆ. ನನ್ನ ತಕರಾರೆಲ್ಲ ಇದರ ಮೇಲೆಯೇ.

ಮೊನ್ನೆ ಒಂದು ಮದುವೆಯ ಪಂಕ್ತಿಯಲ್ಲಿ ನನ್ನ ತಂಗಿಯ ಮಗಳು ಪಕ್ಕದಲ್ಲಿ ಕುಳಿತಿದ್ದಳು. ಹೋಳಿಗೆ ಬಡಿಸುವ ಹೊತ್ತಿಗೆ ಅವಳ ಫೋನಿಗೆ ‘ಅತಿ ತುರ್ತು’ ಬಂತು. ಎಲೆಯ ಮುಂದಿನಿಂದ ಎದ್ದು ಹೋದಳು. ಮರುದಿನದ ಸಭೆಗೆ ಸ್ಲೈಡೊಂದರ ಬಣ್ಣ ಬದಲಾಯಿಸಬೇಕಿತ್ತಂತೆ! ಆ ಹುಡುಗಿಯ ಮುಖ ನೋಡಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅಡ್ಡಿಗಳ ನಡುವೆ ಕೆಲಸ ಮಾಡುವವರ ಬಗ್ಗೆ ಸಂಶೋಧಕಿ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿ. ಅಡ್ಡಿಯಾದಾಗ ಜನ ಕೆಲಸವನ್ನು ಬೇಗ ಮುಗಿಸುತ್ತಾರೆ, ಆದರೆ ಒತ್ತಡ, ಹತಾಶೆಗಳೊಂದಿಗೆ. ಮೇಲಿನವರ ಕಣ್ಣಿಗೆ ಬೀಳುವುದು ‘ಬೇಗ’ ಮಾತ್ರ.

ಫ್ರಾನ್ಸಿನಲ್ಲಿ 50ಕ್ಕಿಂತ ಕಡಿಮೆಯಿಲ್ಲದಷ್ಟು ನೌಕರರಿರುವ ಕಂಪನಿಗಳು ಕೆಲಸದ ವೇಳೆಯಾಚೆಗಿನ ಸಂಪರ್ಕದ ಬಗ್ಗೆ ನೌಕರರೊಡನೆ ಮಾತುಕತೆ ನಡೆಸಬೇಕೆಂಬ ಕಾನೂನು 2017ರ ಜನವರಿಯಿಂದಲೇ ಇದೆ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಲ್ಲಿ, ಕೆಲಸದ ವೇಳೆಯಾಚೆಗೆ ಬರುವ ಕರೆ, ಸಂದೇಶಗಳಿಗೆ ಉತ್ತರಿಸದಿರುವ ಹಕ್ಕು ಜಾರಿಗೆ ಬಂತು. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಲೋಕಸಭೆಯಲ್ಲಿ ಇದೇ ಹಕ್ಕಿಗಾಗಿ ಖಾಸಗಿ ಸದಸ್ಯರ ಮಸೂದೆ ಮಂಡಿಸಿದರು, ಅದು ಕಾನೂನಾಗಲಿಲ್ಲ. ಆಸ್ಟ್ರೇಲಿಯಾ ಆ ಹಕ್ಕು ಕೊಟ್ಟ ವರ್ಷವೇ ನಮ್ಮ ರಾಜ್ಯದಲ್ಲಿ ಐಟಿ ನೌಕರರ ದುಡಿಮೆಯನ್ನು ದಿನಕ್ಕೆ 14 ಗಂಟೆಗೆ ಏರಿಸುವ ಪ್ರಸ್ತಾಪ ಬಂತು, ನೌಕರರ ಸಂಘ ಬೀದಿಗಿಳಿಯಬೇಕಾಯಿತು. ದುಡಿಯುವವರ ಸಂಜೆಯನ್ನೂ ಇರುಳನ್ನೂ ಯಾರು ಬೇಕಾದರೂ ಕಿತ್ತುಕೊಳ್ಳಬಹುದು ಎಂದು ಈ ನಾಡು ಯಾವಾಗ ಒಪ್ಪಿಕೊಂಡಿತು?

ಹೊಣೆಗಾರಿಕೆಯ ಮಾತೆತ್ತಿದ್ದೀರಿ. ರಾತ್ರಿ ಕೆಡುವಂಥ ಸರ್ವರ್ ಇದ್ದರೆ ಸರದಿಯ ಮೇಲೆ ಒಬ್ಬರನ್ನು ಎಚ್ಚರವಿರಿಸಿ, ಅವರಿಗೆ ಭತ್ಯೆ ಕೊಡಿ, ಮರುದಿನ ತಡವಾಗಿ ಬರಲು ಬಿಡಿ. ಒಬ್ಬನೇ ಹುಡುಗ ಬಲ್ಲ ವ್ಯವಸ್ಥೆಯನ್ನು ಕಟ್ಟಿದ್ದು ಆ ಹುಡುಗನಲ್ಲ, ಆ ಲೋಪ ನಿಮ್ಮದೇ. ಇಷ್ಟು ಕಳಕಳಿಯಿಂದ ಪತ್ರ ಬರೆದ ನಿಮಗೆ ಇದು ತಿಳಿಯದ ವಿಷಯವಲ್ಲ. ಅಂದಹಾಗೆ, ಆ ರಾತ್ರಿ ಕೊನೆಗೆ ಸರ್ವರ್ ಸರಿಪಡಿಸಿದವರು ಯಾರು, ಮರುದಿನ ಅವರಿಗೆ ಬಿಡುವು ಸಿಕ್ಕಿತೇ ಎಂಬುದನ್ನು ನೀವು ಬರೆದಿಲ್ಲ. ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇನೆ.