ಕೂದಲು ಬೆಳೆಸೋ ಔಷಧಿ ಮಿನಾಕ್ಸಿಡಿಲ್ ಹಚ್ಚಿದ ಮೇಲೆ ಕೂದಲು ಇನ್ನೂ ಜಾಸ್ತಿ ಉದುರ್ತಿದೆ, ಬಿಟ್ಟು ಲೇಸರ್‌ಗೆ ಹೋಗಲಾ?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. 2019ರಲ್ಲಿ ನಾನು ಮಾಡಿದ್ದು ಇದನ್ನೇ.

ಆಗ ನನಗೆ 28. ನೆತ್ತಿ ಕಾಣೋಕೆ ಶುರುವಾದಾಗ ಎಲ್ಲರ ಹಾಗೆ ನಾನೂ ಬೆಂಗಳೂರಿನ ಬೋರ್‌ವೆಲ್ ನೀರನ್ನು ಬೈದೆ. ಚರ್ಮದ ಡಾಕ್ಟರು ತಲೆ ಬಗ್ಗಿಸಿ ನೋಡಿ, ಇದು ನೀರಿನದ್ದಲ್ಲ, ವಂಶದ್ದು ಅಂದರು. ಅಪ್ಪನ ತಲೆ, ಸೋದರಮಾವನ ತಲೆ ಕಣ್ಣೆದುರು ಬಂತು. 5% ಮಿನಾಕ್ಸಿಡಿಲ್, ದಿನಕ್ಕೆರಡು ಸಲ, ಒಂದೊಂದು ಎಂಎಲ್ ಅಂತ ಬರೆದುಕೊಟ್ಟರು.

ನಾಲ್ಕನೇ ವಾರಕ್ಕೆ ದಿಂಬಿನ ಕವರ್ ತುಂಬ ಕೂದಲು. ಸ್ನಾನದ ಮನೆಯ ಜಾಲರಿ ಕಟ್ಟಿಕೊಂಡು ಪಾದ ಮುಳುಗುವಷ್ಟು ನೀರು ನಿಲ್ಲುತ್ತಿತ್ತು. ಒಂದು ದಿನ ಅಲ್ಲೇ ಕೂತು ಎಣಿಸಿದೆ. 180 ದಾಟಿದ ಮೇಲೆ ಕೈ ನಡುಗಿ ನಿಲ್ಲಿಸಿಬಿಟ್ಟೆ. ಆರನೇ ವಾರ ಬಾಟಲಿ ಕಸದ ಬುಟ್ಟಿಗೆ ಹೋಯ್ತು.

ನನ್ನ ತಪ್ಪು ಅದೊಂದೇ. ಬಿಡಿಸಿ ಹೇಳ್ತೀನಿ, ದಯವಿಟ್ಟು ಓದಿ. ಪ್ರತಿ ಕೂದಲೂ ಕೆಲವು ವರ್ಷ ಬೆಳೆಯುತ್ತೆ, ಆಮೇಲೆ ಎರಡು ಮೂರು ತಿಂಗಳು ಬೆಳೆಯದೆ ಬುಡದಲ್ಲೇ ಸುಮ್ಮನೆ ಕೂತಿರುತ್ತೆ, ಆಮೇಲೆ ಉದುರುತ್ತೆ. ಮಿನಾಕ್ಸಿಡಿಲ್ ಆ ಸುಮ್ಮನಿರುವ ಕಾಲವನ್ನು ಮೊಟಕು ಮಾಡಿ ಹೊಸ ಕೂದಲನ್ನು ಬೇಗ ಎಬ್ಬಿಸುತ್ತೆ. ಹೊಸದು ಬರುವಾಗ ಹಳೆಯದು ಜಾಗ ಬಿಡಲೇಬೇಕು, ಹಾಲುಹಲ್ಲು ಬಿದ್ದ ಹಾಗೆ. ಹೇಗಿದ್ದರೂ ಮುಂದಿನ ತಿಂಗಳುಗಳಲ್ಲಿ ಒಂದೊಂದಾಗಿ ಬೀಳುತ್ತಿದ್ದ ಕೂದಲೇ ಒಟ್ಟಿಗೆ ಬಿತ್ತು, ಅಷ್ಟೆ. ಸಾಮಾನ್ಯವಾಗಿ ಎರಡನೇ ವಾರದಿಂದ ಎಂಟನೇ ವಾರದವರೆಗೆ ಈ ಗಲಾಟೆ. ಫಲ ಕಾಣೋಕೆ ನಾಲ್ಕರಿಂದ ಆರು ತಿಂಗಳು ಬೇಕು. ಔಷಧಿ ಕೆಲಸ ಶುರು ಮಾಡಿದ ಗುರುತನ್ನೇ ನಾನು ಔಷಧಿ ತಲೆ ಹಾಳು ಮಾಡ್ತಿದೆ ಅಂತ ತಿಳಿದೆ. ಡಾಕ್ಟರಿಗೆ ಒಂದು ಫೋನ್ ಮಾಡಿದ್ದರೆ ಮುಗಿದಿತ್ತು. ಮಾಡಲಿಲ್ಲ.

ಅದರ ಬದಲು ಲೇಸರ್ ಮಾಡುವ ಒಂದು ಕ್ಲಿನಿಕ್ಕಿಗೆ ಹೋದೆ. ಔಷಧಿ ಬೇಡ, ಸೈಡ್ ಎಫೆಕ್ಟ್ ಇಲ್ಲ, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದೆ ಅಂದರು. ಎಂಟು ತಿಂಗಳ ಪ್ಯಾಕೇಜು, 46,000 ರೂಪಾಯಿ. ವಾರಕ್ಕೊಮ್ಮೆ ಕುರ್ಚಿಯಲ್ಲಿ ಒರಗಿ, ಹೆಲ್ಮೆಟ್ಟಿನೊಳಗಿನ ಕೆಂಪು ಬೆಳಕಲ್ಲಿ ಇಪ್ಪತ್ತು ನಿಮಿಷ.

ಲೇಸರ್ ಅನ್ನೋದು ಸುಳ್ಳಲ್ಲ. 1967ರಲ್ಲಿ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್, ಬೋಳಿಸಿದ ಇಲಿಗಳ ಮೇಲೆ ಲೇಸರ್ ಬಿಟ್ಟಾಗ ಕೂದಲು ಬೇಗ ಬಂದದ್ದನ್ನು ಗಮನಿಸಿದರು. 2007ರಲ್ಲಿ ಎಫ್‌ಡಿಎ ಗಂಡಸರಿಗಾಗಿ ಒಂದು ಲೇಸರ್ ಬಾಚಣಿಗೆಗೆ ಕ್ಲಿಯರೆನ್ಸ್ ಕೊಟ್ಟಿತು. ಆದರೆ ಅದು ಔಷಧಿಗೆ ಕೊಡುವ ಅಪ್ರೂವಲ್‌ನಷ್ಟು ಕಟ್ಟುನಿಟ್ಟಲ್ಲ. ಆ ಬಾಚಣಿಗೆಯ ಪ್ರಯೋಗದಲ್ಲಿ ವಾರಕ್ಕೆ ಮೂರು ಸಲದಂತೆ 26 ವಾರ ಬಳಸಿದ್ದರು. ನನಗೆ ಸಿಕ್ಕಿದ್ದು ವಾರಕ್ಕೊಂದು. ಮೇಲಾಗಿ, ವಂಶದಿಂದ ಬಂದ ಈ ಉದುರುವಿಕೆಯ ಹಿಂದಿರುವ ಡಿಎಚ್‌ಟಿ ಹಾರ್ಮೋನನ್ನು ಕೆಂಪು ಬೆಳಕು ತಡೆಯೋದಿಲ್ಲ. ಎಂಟು ತಿಂಗಳು ಕಳೆಯೋದರಲ್ಲಿ ಸುಳಿಯ ಸುತ್ತ ಎರಡು ರೂಪಾಯಿ ನಾಣ್ಯದಷ್ಟಗಲ ಚರ್ಮ ಬಿಟ್ಟುಕೊಂಡಿತು.

2020ರಲ್ಲಿ ಮೊದಲಿನ ಡಾಕ್ಟರ ಹತ್ತಿರವೇ ವಾಪಸ್ ಹೋದೆ. ಮಿನಾಕ್ಸಿಡಿಲ್ ಮತ್ತೆ ಶುರು, ಜೊತೆಗೆ ಅವರ ಸಲಹೆಯಂತೆ, ಆ ಹಾರ್ಮೋನನ್ನು ತಗ್ಗಿಸುವ ಔಷಧಿ ಫಿನಾಸ್ಟರೈಡ್. ಇದ್ದದ್ದು ಉಳಿಯಿತು, ಸ್ವಲ್ಪ ದಪ್ಪವೂ ಆಯ್ತು. ಸುಳಿಯ ಹತ್ತಿರ ಹೋದದ್ದು ಮಾತ್ರ ಬರಲಿಲ್ಲ.

ಹಾಗಾಗಿ "ಲೇಸರ್ ಬೇಕಾ ಬೇಡವಾ" ಅನ್ನೋ ಪ್ರಶ್ನೆಯನ್ನೇ ಸದ್ಯಕ್ಕೆ ಪಕ್ಕಕ್ಕಿಡಿ. ಕೈಯಲ್ಲಿ ದುಡ್ಡಿದ್ದರೆ, ಆರು ತಿಂಗಳಾದ ಮೇಲೆ, ಔಷಧಿಯ ಜೊತೆಗೆ ಸೇರಿಸಿಕೊಳ್ಳಿ. ಔಷಧಿಯ ಬದಲಿಗೆ ಮಾತ್ರ ಬೇಡ. ತಲೆಯಲ್ಲಿ ಉರಿ, ತುರಿಕೆ ಇದ್ದರೆ ಡಾಕ್ಟರಿಗೆ ಹೇಳಿ. ಎರಡು ಮೂರು ತಿಂಗಳ ಹಿಂದೆ ಡೆಂಗಿಯೋ ಟೈಫಾಯ್ಡೋ ಆಗಿದ್ದರೆ ಅದನ್ನೂ ಹೇಳಿ. ಆ ಥರದ ಉದುರುವಿಕೆ ಬಹುಪಾಲು ತಾನಾಗಿಯೇ ನಿಲ್ಲುತ್ತೆ.

ಹಚ್ಚೋಕೆ ಶುರು ಮಾಡಿ ಎಷ್ಟು ವಾರ ಆಯ್ತು ಅಂತ ನೀವು ಬರೆದಿಲ್ಲ. ಎಂಟರೊಳಗೇ ಇದ್ದರೆ ಬಾಟಲಿ ಎಸೆಯಬೇಡಿ, ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ.