ಊರು ಇನ್ನ ಎರಡು ತಾಸು ಐತಿ ಅನ್ನಾಗ ರೂಮ್ ಮಾಡ್ರಿ

(ಗಾಡಿ ಮತ್ತು ದಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ)

ಪ್ರಶ್ನೆ: ಅಣ್ಣಾರ ನಮಸ್ಕಾರ್ರಿ. ನಮ್ಮನಿಯವ್ರು ರಿಟೈರ್ ಆದಮ್ಯಾಲೆ ವರ್ಷಕ್ಕೊಮ್ಮೆ ನಾವಿಬ್ರ ಕಾರ್ ತಗೊಂಡು ದೂರದ ಟ್ರಿಪ್ ಹೋಗ್ತೀವಿ. ಈ ಸಲ ಡಿಸೆಂಬರಿನ್ಯಾಗ ದ್ವಾರಕಾ, ಸೋಮನಾಥ, ಕಚ್ಛ್ ನೋಡ್ಕೊಂಡು ನಾಸಿಕ್, ಶಿರಡಿ ಮ್ಯಾಲಿಂದ ವಾಪಸ್ ಬರೋ ಪ್ಲಾನ್ ಐತಿ. ಹೋಗಾಗ ಎಲ್ಲಾ ಚಲೋ ಇರ್ತೈತ್ರಿ, ವಾಪಸ್ ಬರೋ ಕಡೀ ಎರಡು ದಿನ ಮಾತ್ರ ಬರೇ ಜಗಳ. ಶಿರಡಿ ದಾಟಿದ ಕೂಡ್ಲೆ ಅವ್ರಿಗೆ ಮನಿ ಚಿಂತಿ ಹತ್ತತೈತಿ, ಊಟಕ್ಕೂ ಗಾಡಿ ನಿಲ್ಲಸಂಗಿಲ್ಲ, ಒಂದ ಹೊಡ್ತಕ್ಕ ಮನಿ ಮುಟ್ಟೂಣು ಅಂತಾರ. ನನಗ ದಾರ್ಯಾಗಿನ ಒಂದೆರಡು ಊರು ನೋಡಬೇಕು ಅಂತ ಆಸೆ. ಯಾರ ಮಾತು ಕೇಳಬೇಕ್ರಿ?
– ಗಂಗಾವತಿಯ ಓದುಗರು

ಉತ್ತರ: ಅಕ್ಕಾರ, ಇಬ್ರದೂ ಖರೆ ಅಂತ ಹೇಳಿ ಜಾರ್ಕೊಳ್ಳಾಕ ಬರ್ತೈತಿ, ಆದ್ರ ಈ ವಿಷಯದಾಗ ನಾನು ನಿಮ್ಮ ಕಡೆ. ಊರು ನೋಡಬೇಕು ಅನ್ನೋ ಕಾರಣಕ್ಕಲ್ಲ, ಸ್ಟೇರಿಂಗ್ ಹಿಡದವ್ರ ಕಣ್ಣಿನ ಸಲುವಾಗಿ. ಶಿರಡಿಯಿಂದ ಅಹಿಲ್ಯಾನಗರ, ಸೊಲ್ಲಾಪುರ, ವಿಜಯಪುರ ಮ್ಯಾಲಿಂದ ನಿಮ್ಮೂರಿಗೆ ಸುಮಾರು ಆರು ನೂರು ಕಿಲೋಮೀಟರ್. ನಸುಕಿನ್ಯಾಗ ಬಿಟ್ರೂ ಕಡೀ ನೂರು ಕಿಲೋಮೀಟರ್ ಬರೋದ್ರಾಗ ಕತ್ತಲಾಗೇ ಆಗ್ತೈತಿ. ಬಸ್ಸು ಲಾರಿ ಓಡಸೋ ಪಳಗಿದ ಡ್ರೈವರಿಗೇ ಕಾಯ್ದೆ ದಿನಕ್ಕ 8 ತಾಸು ಡ್ಯೂಟಿ ಅಂತ ಇಟ್ಟೈತಿ, ದಿನಗಟ್ಟಲೆ ದಾರ್ಯಾಗ ಇದ್ದು ದಣದ ರಿಟೈರ್ಡ್ ಮನಿಶಾರು ಹನ್ನೆರಡು ಹದಿಮೂರು ತಾಸು ಯಾಕ ಓಡಸಬೇಕು?

ಇನ್ನೊಂದು, ನೀವು ಬರೋದು ಡಿಸೆಂಬರ್. ಆವಾಗ ಸೊಲ್ಲಾಪುರ, ವಿಜಯಪುರ, ಬಾಗಲಕೋಟಿ ಕಡೆ ಕಬ್ಬಿನ ಸೀಸನ್ ಜೋರು. ಒಂದ ಟ್ರ್ಯಾಕ್ಟರಿಗೆ ಎರಡೆರಡು ಟ್ರಾಲಿ, ಮ್ಯಾಲೆ ಕಬ್ಬು ರೋಡಿನ ಮ್ಯಾಲೆ ಚಾಚಿರ್ತೈತಿ, ಹಿಂದ ಲೈಟ್ ಇಲ್ಲ, ರಿಫ್ಲೆಕ್ಟರ್ ಇದ್ರೂ ಧೂಳ ಮುಚ್ಚಿರ್ತೈತಿ, ಟೇಪ್ ರೆಕಾರ್ಡರ್ ಮಾತ್ರ ಊರ ತುಂಬ ಕೇಳೂವಂಗ ಹಚ್ಚಿರ್ತಾರ. ಎದುರಿಗೆ ಬರೋ ಬಸ್ಸಿನ ಲೈಟ್ ಕಣ್ಣಿಗೆ ಹೊಡ್ಯಾಗ ಮುಂದ ಒಂದು ಟ್ರಾಲಿ ನಿಂತೈತಿ ಅನ್ನೋದು ತೀರಾ ಹತ್ರ ಹೋದಮ್ಯಾಲೆ ಗೊತ್ತಾಗ್ತೈತಿ. ಮುಂದ ನಿಮ್ಮ ತವರಗೇರಿ, ಗಂಗಾವತಿ ಕಡೆ ಬಂದ್ರ ಭತ್ತದ ಸುಗ್ಗಿ ಮುಗಿಯೋ ಹೊತ್ತು, ರೋಡಿನ ಅರ್ಧಕ್ಕ ಭತ್ತ ಒಣಗಾಕ ಹಾಕಿ ಅಂಚಿಗೆ ಕಲ್ಲು ಇಟ್ಟಿರ್ತಾರ. ಹಗಲೊತ್ತು ಆ ಕಲ್ಲು ಕಾಣತಾವ, ರಾತ್ರಿ ಟೈರಿಗೇ ಗೊತ್ತಾಗೋದು. ಗೊತ್ತಿರೋ ರೋಡ್ ಬಿಡು ಅನ್ನೋ ಧೈರ್ಯದಾಗ ಸ್ಪೀಡೂ ಏರಿರ್ತೈತಿ.

ಅದಕ್ಕ ನಾನು ಹೇಳೋದು ಒಂದ. ಕಡೀ ರಾತ್ರಿ ಮನಿಯಿಂದ ಎರಡು ಎರಡೂವರೆ ತಾಸು ದೂರದಾಗ ಉಳೀರಿ. ಇಷ್ಟು ಹತ್ರ ಬಂದು ರೂಮಿಗೆ ಯಾಕ ರೊಕ್ಕ ಕೊಡಬೇಕು ಅಂತ ಯಜಮಾನ್ರು ಕೇಳೇ ಕೇಳ್ತಾರ. ಆವಾಗ ನೀವು "ಊರು ನೋಡೂಣು" ಅನ್ನಬ್ಯಾಡ್ರಿ, ಆ ಮಾತಿಗೆ ಅವ್ರು ಬಗ್ಗಂಗಿಲ್ಲ. "ಹಗಲೊತ್ತಿನ್ಯಾಗ ಮನಿ ಮುಟ್ಟೂಣು" ಅನ್ರಿ. ರಾತ್ರಿ ಹನ್ನೊಂದಕ್ಕ ಹೋಗಿ ಕೀಲಿ ತಗದ್ರ ಏನಿರ್ತೈತಿ ಹೇಳ್ರಿ, ಟ್ಯಾಂಕಿನ್ಯಾಗ ನೀರು ಇರಂಗಿಲ್ಲ, ಹಾಲಿಲ್ಲ, ಮುಚ್ಚಿದ ಮನಿ ವಾಸನಿ ಬ್ಯಾರೆ, ನೀವು ಹೊಟ್ಟಿ ಹಸದು ಕಸಬರಗಿ ಹಿಡೀಬೇಕು, ಅವ್ರು ಕುಂತಲ್ಲೇ ಗೊರಕಿ, ಜಗಳ ಅಲ್ಲೇ ಎರಡನೇ ರೌಂಡ್ ಚಾಲೂ. ಅದ ಮಧ್ಯಾಹ್ನ ಹನ್ನೆರಡಕ್ಕ ಮುಟ್ಟಿದ್ರ ಮೋಟರ್ ಹಾಕಿ, ಕಾಯಿಪಲ್ಲೆ ತಂದು, ಬಾಜೂ ಮನಿಯವ್ರ ಕಡೆಯಿಂದ ಚಾವಿ ಪೇಪರ್ ಇಸಗೊಂಡು ಸಂಜಿಗೆ ಆರಾಮ ಕುಂದರಬಹುದು.

ಉಳಿಯಾಕ ನನ್ನ ಕೇಳಿದ್ರ ಕೂಡಲಸಂಗಮ. ಮೊದಲನೇ ರಾತ್ರಿ ಸೊಲ್ಲಾಪುರ, ಆಗದಿದ್ರ ವಿಜಯಪುರ. ಮರುದಿನ ವಿಜಯಪುರದಿಂದ 50ನೇ ನಂಬರ್ ಹೈವೇ ಹಿಡದು ನಿಡಗುಂದಿ ದಾಟಿ ಕೂಡಲಸಂಗಮದ ಕ್ರಾಸಿನ್ಯಾಗ ಒಳಗ ಹೊಳ್ಳಿದ್ರ ಮಧ್ಯಾಹ್ನದ ದಾಸೋಹಕ್ಕ ಸಿಗ್ತೀರಿ. ಕೃಷ್ಣಾ ಮಲಪ್ರಭಾ ಕೂಡೋ ಜಾಗದಾಗ ನೀರಿನ ನಡುವ ಬಾವಿಯಂಗ ಗೋಡೆ ಕಟ್ಟಿ ಬಸವಣ್ಣೋರ ಐಕ್ಯಮಂಟಪ ಉಳಿಸ್ಯಾರ, ಸೇತುವೆ ಮ್ಯಾಲೆ ನಡದು ಹೋಗಿ ಮೆಟ್ಲ ಇಳದು ಕೆಳಗ ಹೋಗಬೇಕು, ಸುತ್ತಲೂ ನಾರಾಯಣಪುರ ಡ್ಯಾಮಿನ ಹಿನ್ನೀರು ನಿಂತಿರ್ತೈತಿ, ನೀವು ಅದಕ್ಕಿಂತ ಕೆಳಗ ನಿಂತಿರ್ತೀರಿ. ಮೊಣಕಾಲು ನೋವಿದ್ರ ನಿಧಾನ ಇಳೀರಿ. ಅಲ್ಲಿ ಯಾತ್ರಿ ನಿವಾಸ ಐತಿ, ಆದ್ರ ರಜಾ ದಿನ ಇದ್ರ ಮೊದಲ ಫೋನ್ ಮಾಡ್ಕೊಂಡು ಹೋಗ್ರಿ.

ಮುಂಜಾನೆ ಅಲ್ಲಿಂದ ಹುನಗುಂದ, ಇಳಕಲ್. ನಿಮಗೊಂದು ಟೋಪು ತೆನಿ ಸೆರಗಿನ ಸೀರಿ ತಗೋರಿ, ಗುಜರಾತಿನ್ಯಾಗ ಬಾಂಧಣಿ ತಗೊಂಡಿದ್ರೂ ಇರ್ಲಿ. ಕುಷ್ಟಗಿ, ತವರಗೇರಿ ಮ್ಯಾಲೆ ಬಂದ್ರ ಕನಕಗಿರಿ ದಾರ್ಯಾಗ ಬರ್ತೈತಿ. ಕಾಲಿದ್ದವ್ರು ಹಂಪಿ ನೋಡಬೇಕು, ಕಣ್ಣಿದ್ದವ್ರು ಕನಕಗಿರಿ ನೋಡಬೇಕು ಅಂತ ನಮ್ಮ ಕಡೆ ಎಲ್ಲಾರೂ ಹೇಳ್ತಾರ, ಹೇಳೋರು ನೋಡಿರಂಗಿಲ್ಲ ಅಷ್ಟ. ಕನಕಾಚಲಪತಿ ಗುಡಿ ಕಂಬ ನೋಡಾಕ ಒಂದು ತಾಸು ಸಾಕು, ವೆಂಕಟಪತಿ ಬಾವಿಗೆ ಇನ್ನರ್ಧ ತಾಸು. ಅಲ್ಲಿಂದ ನಿಮ್ಮ ಮನಿ ಚಾ ಆರೋದ್ರಾಗ.

ಒಂದು ನೆನಪಿಡ್ರಿ, ಡಿಸೆಂಬರಿನ್ಯಾಗ ಹನುಮಮಾಲಾ ಮುಗಿಸೋ ದಿನ ಅಂಜನಾದ್ರಿಗೆ ಹೋಗೋ ರೋಡ್ ಫುಲ್ ಜಾಮ್ ಇರ್ತೈತಿ, ಗಂಗಾವತಿಯವ್ರಾಗಿ ನಿಮಗ ಇದು ನಾನು ಹೇಳಬೇಕಾಗಿಲ್ಲ, ಕ್ಯಾಲೆಂಡರ್ ನೋಡೇ ಹೊರಡ್ರಿ. ಟ್ರಿಪ್ ಜನವರಿ ತನಕ ಎಳದ್ರ ಗವಿಮಠದ ಜಾತ್ರಿ ಬರ್ತೈತಿ, ಆವಾಗ ಕೊಪ್ಪಳದಾಗ ಗಾಡಿ ನುಗ್ಗಿಸೋ ಸಾಹಸ ಬ್ಯಾಡ.

ಪ್ರಶ್ನೆ: ಸರ್, ನಾನು ನನ್ನ ಹೆಂಡತಿ ಬೈಕ್ ಮೇಲೆ ಕೊಂಕಣ, ಗೋವಾ ಸುತ್ತಿ ಹುಬ್ಬಳ್ಳಿ ಗದಗ ಮ್ಯಾಲೆ ಬಳ್ಳಾರಿಗೆ ವಾಪಸ್ ಬರೋರಿದ್ದೀವಿ. ಕೊನೆ ದಿನಕ್ಕ ದುಡ್ಡು ಖಾಲಿ ಆಗಿರ್ತೈತಿ, ಹಂಪಿ ಸಾಕಷ್ಟು ಸಲ ನೋಡೀವಿ. ರೊಕ್ಕ ಜಾಸ್ತಿ ಹೋಗದಂಗ ದಾರ್ಯಾಗ ಏನಾದ್ರೂ ಐತೇನ್ರಿ?
– ಬಳ್ಳಾರಿಯ ಓದುಗರು

ಉತ್ತರ: ಐತಿ ತಮ್ಮಾ, ಅದೂ 67ನೇ ಹೈವೇಕ್ಕ ಅಂಟ್ಕೊಂಡಂಗ. ಗದಗದಿಂದ ಕೊಪ್ಪಳಕ್ಕ ಬರಾಗ ಬನ್ನಿಕೊಪ್ಪ ಹತ್ರ ಒಳಗ ಹೋದ್ರ ಇಟಗಿ ಮಹಾದೇವ ಗುಡಿ. ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಾಗ ಕಟ್ಟಿಸಿದ್ದು, ಶಾಸನದಾಗ ಇದಕ್ಕ ದೇವಾಲಯ ಚಕ್ರವರ್ತಿ ಅಂತ ಬರದಾರ. ಹೆಸರಿಗೆ ಚಕ್ರವರ್ತಿ, ಹೋದ್ರ ಬಹಳ ಸಲ ನೀವಿಬ್ರೇ ಇರ್ತೀರಿ, ಹಂಪಿ ಗದ್ಲದ ಮುಂದ ಇದು ನನಗ ಬಹಳ ಸೇರ್ತೈತಿ. ಒಳಗ ಹೋಗೋಕ ಮೊದಲು ಬಾಗಲದ ಪಟ್ಟಿಕಿ ನೋಡ್ರಿ, ಒಂದೊಂದು ಸಾಲಿನ ಕೆತ್ತನಿ ಬೆರಳ ದಪ್ಪಾನೂ ಇಲ್ಲ. ಕುಕನೂರೂ ಅಲ್ಲೇ ಹತ್ರ, ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿ ಐತಿ, ಎರಡೂ ಸೇರಿ ಅರ್ಧ ದಿನ.

ಗಿಫ್ಟ್ ಅಂತ ಗೋವಾದಾಗ ಏನೇನೋ ತಗೊಂಡು ರೊಕ್ಕ ಕಳಕೊಳ್ಳೋದು ಬಿಟ್ಟು ಕೊಪ್ಪಳದ ಬಾಜೂ ಮರದ ಗೊಂಬಿ ಮಾಡೋ ಊರು ಕಿನ್ನಾಳಕ್ಕ ಹೋಗ್ರಿ. ಚಿತ್ರಗಾರರ ಮನ್ಯಾಗೇ ಕೆಲಸ ನಡದಿರ್ತೈತಿ, ಹಗುರ ಇರೋ ಪೊಳಕಿ ಮರ ಕೆತ್ತಿ, ಹುಣಸಿ ಬೀಜದ ಅಂಟು ಬಳದು ಬಣ್ಣ ಹಚ್ಚತಾರ. ಸಣ್ಣ ಗೊಂಬಿ ಒಂದು ತಗೊಂಡ್ರೂ ಮಾಡಿದವ್ರ ಕೈಗೇ ರೊಕ್ಕ ಹೋಗ್ತೈತಿ, ತೀರಾ ಚೌಕಾಸಿ ಮಾಡಬ್ಯಾಡ. ಹೊಟ್ಟಿಗೆ ಒಗ್ಗರಣಿ ಮಿರ್ಚಿ ಐತೆಲ್ಲಾ, ಅದಕ್ಕ ಬಳ್ಳಾರಿ ಮಂದಿಗೆ ನಾನು ಅಡ್ರೆಸ್ ಹೇಳಬೇಕಾ? ಆದ್ರ ಮಧ್ಯಾಹ್ನ ಅದನ್ನ ತಿಂದ ಕೂಡ್ಲೆ ಬೈಕ್ ಹತ್ತಬ್ಯಾಡ, ಎರಡರಿಂದ ನಾಕು ಗಂಟಿ ತನಕ ನಿದ್ದಿ ಎಳಿಯೋ ಹೊತ್ತು. ಗಿಡದ ನೆರಳಿನ್ಯಾಗ ಒಂದಿಪ್ಪತ್ತು ನಿಮಿಷ ಅಡ್ಡಾಗು, ಹಿಂದ ಕುಂತವ್ರು ತೂಕಡಿಸಿದ್ರೂ ಬೈಕಿನ್ಯಾಗ ಅಪಾಯ ಅದ.

ಪ್ರಶ್ನೆ: ನಾವಿಬ್ಬರೂ ಕಾರಲ್ಲಿ ಸಮುದ್ರ ದಂಡೆ ಎಲ್ಲಾ ಸುತ್ತಿ ಮೊನ್ನೆ ರಾಯಚೂರಿಗೆ ಬಂದ್ವಿ. ಗಾಡಿ ಚೆನ್ನಾಗೇ ಓಡ್ತಿದೆ, ಸರ್ವೀಸ್ ಈಗಲೇ ಮಾಡಿಸ್ಬೇಕಾ?
– ರಾಯಚೂರಿನ ಓದುಗರು

ಉತ್ತರ: ಇಂಜಿನ್ ಆಯಿಲ್ ಕಿಲೋಮೀಟರ್ ಲೆಕ್ಕ ಬಂದಾಗ ಬದಲಿ ಮಾಡಸ್ರಿ, ಆದ್ರ ಕೆಳಗಿನ ವಾಶ್ ಮಾತ್ರ ಈ ವಾರನೇ ಆಗ್ಬೇಕು. ಸಮುದ್ರದ ಉಪ್ಪು ತಳಕ್ಕ, ಬ್ರೇಕ್ ಪೈಪಿಗೆ ಕುಂತಿರ್ತೈತಿ, ಮ್ಯಾಲಿಂದ ಬಾಡಿ ತೊಳದ್ರ ಅದು ಹೋಗಂಗಿಲ್ಲ, ತುಕ್ಕು ನಿಧಾನ ಹಿಡೀತೈತಿ. ಏರ್ ಫಿಲ್ಟರ್ ತಗದು ಝಾಡಸ್ರಿ. ಘಾಟಿ ಇಳದಿದ್ರ ಬ್ರೇಕ್ ಪ್ಯಾಡ್ ತೋರಸ್ರಿ. ಟೈರಿನ ಗೆರಿ ಆಳ 1.6 ಮಿಲಿಮೀಟರಿಗಿಂತ ಕಡಿಮಿ ಆದ್ರ ಅದು ಕಾನೂನಿಗೂ ಆಗಂಗಿಲ್ಲ. ಒಂದು ಅಂಚು ಅಷ್ಟ ಸವದಿದ್ರ ಅಲೈನ್‌ಮೆಂಟ್ ಹೋಗೈತಿ ಅಂತ ತಿಳ್ಕೊರಿ. ಗಾಳಿ ಚೆಕ್ ಮಾಡೋದು ಮುಂಜಾನೆ ಟೈರ್ ತಣ್ಣಗಿದ್ದಾಗ, ರಾಯಚೂರು ಬಿಸಲಿನ್ಯಾಗ ಓಡಿಸಿ ಬಂದು ನೋಡಿದ್ರ ಜಾಸ್ತಿ ತೋರಸ್ತೈತಿ, ಅದನ್ನ ನೋಡಿ ಗಾಳಿ ಬಿಡಬ್ಯಾಡ್ರಿ. ಫಾಸ್ಟ್‌ಟ್ಯಾಗ್ ಮೆಸೇಜ್ ಒಮ್ಮೆ ಕುಂತು ನೋಡ್ರಿ, ಒಂದ ಟೋಲಿಗೆ ಎರಡು ಸಲ ಕಟ್ ಆಗಿದ್ರ ಮೆಸೇಜ್ ಡಿಲೀಟ್ ಆಗೋಕ ಮೊದಲು ಟ್ಯಾಗ್ ಕೊಟ್ಟ ಬ್ಯಾಂಕಿಗೆ ಕಂಪ್ಲೇಂಟ್ ಹಾಕ್ರಿ.